ಕೆರೆಯ ಆ ಮೂಲೆಯ ಕೆಸರು ಹಾಗೇ ಇರಲಿ ಸಾರ್

ನಮ್ಮ ಕೆರೆಯ ಕಾಮಗಾರಿ ನೋಡಿಕೊಳ್ಳುವ ಇಂಜಿನಿಯರ್ ಸಾಹೇಬರಿಗೆ, ಹಾಗೇ ಕೆರೆ ಬಳಸುವ ಊರಿನವರೆಲ್ಲರಿಗೆ,

ವಿಷಯ: ಕೆರೆಯ ಪಶ್ಚಿಮದ ಕೆಸರಂಚನ್ನು ಅಗೆಯದೆ, ಕಲ್ಲು ಹಾಸದೆ ಬಿಡುವ ಬಗ್ಗೆ.

ಮಾನ್ಯರೇ,

ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು ನಾನು. ಇಪ್ಪತ್ತು ವರ್ಷದಿಂದ ಊರವರ ಅರ್ಜಿ ಟೈಪ್ ಮಾಡಿಕೊಂಡು ಬಂದಿದ್ದೇನೆ. ಪೌತಿ ಖಾತೆ, ಪಹಣಿ ತಿದ್ದುಪಡಿ, ವೃದ್ಧಾಪ್ಯ ವೇತನ, ಕರೆಂಟಿನ ಟಿಸಿ ಸುಟ್ಟುಹೋಗಿದೆ ಬದಲಾಯಿಸಿಕೊಡಿ, ಹೀಗೆ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅನ್ನುವ ಸಾಲು ನನ್ನ ಬೆರಳಿಗೆ ಬಾಯಿಪಾಠ. ಆದರೆ ನನ್ನ ಸ್ವಂತದ್ದು ಅಂತ ಒಂದು ಅರ್ಜಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು. ಪುಟಕ್ಕಿಷ್ಟು ಅಂತ ದುಡ್ಡು ಕೊಡಬೇಕಾದವರು ಯಾರೂ ಇಲ್ಲವಲ್ಲ.

ಕೆರೆ ಕೆಲಸದ ಎಸ್ಟಿಮೇಟ್ ಹೋದ ತಿಂಗಳು ನನ್ನ ಅಂಗಡಿಗೇ ಜೆರಾಕ್ಸಿಗೆ ಬಂತು. ಗಿರಾಕಿಗಳ ಕಾಗದ ಓದಬಾರದು, ಅದು ಅಂಗಡಿಯ ಶಿಸ್ತು. ಆದರೆ ಮೇಲಿನ ಹಾಳೆಯಲ್ಲೇ ನಮ್ಮ ಕೆರೆಯ ನಕ್ಷೆ ಇತ್ತು, ಕಣ್ಣು ಹೋಯಿತು. ಏರಿ ದುರಸ್ತಿ, ತೂಬಿಗೆ ಹೊಸ ಗೇಟು, ಕೋಡಿಗೆ ಕಾಂಕ್ರೀಟು. ತುಂಬಾ ಸಂತೋಷ. ಆಮೇಲೆ ನೋಡಿದರೆ ಕೆರೆಯ ಸುತ್ತಲೂ ಒಂದು ದಪ್ಪ ಗೆರೆ. ರಿಂಗ್ ಬಂಡ್, ಅಂದರೆ ಕೆರೆ ಸುತ್ತ ಮಣ್ಣಿನ ಒಡ್ಡು. ಅದರ ಒಳಮೈಗೆ ಕಲ್ಲು ಪಿಚಿಂಗ್, ಮೇಲೆ ವಾಕಿಂಗ್ ಪಾತ್. ಕೆರೆಯಂಗಳಪೂರ್ತಿ ಒಂದೇ ಮಟ್ಟಕ್ಕೆ ಆರು ಅಡಿ ಅಗೆತ. ಸಂಕ್ರಾಂತಿ ಕಳೆದು ನೀರು ಇಳಿದ ಮೇಲೆ ಕೆಲಸ ಶುರು ಅಂತ ಕಾಗದ ತಂದಿದ್ದ ಹುಡುಗ ಹೇಳಿದ.

ನಕ್ಷೆಯ ಪಶ್ಚಿಮದ ಮೂಲೆಯಲ್ಲಿ, ಹಳ್ಳ ಬಂದು ಕೆರೆಗೆ ಸೇರುತ್ತಲ್ಲ, ಅಲ್ಲಿ ‘ಅನುಪಯುಕ್ತ ಜೌಗು’ ಅಂತ ಬರೆದಿತ್ತು. ಈ ಪತ್ರ ಆ ಎರಡು ಪದಗಳ ಬಗ್ಗೆ.

ಆ ಮೂಲೆಗೆ ನಾನು ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಮೊದಲು ಹೋಗಿದ್ದು ಸಕ್ಕರೆ ಕಾಯಿಲೆಗೆ. ಡಾಕ್ಟರು ದಿನಾ ನಡೆಯಬೇಕು ಅಂದರು, ನಡೆಯೋಕೆ ಏರಿ ಬಿಟ್ಟರೆ ನಮ್ಮೂರಲ್ಲಿ ಇನ್ನೇನಿದೆ. ಆಮೇಲೆ ಯಾರೋ ಹಳೆಯ ಬೈನಾಕ್ಯುಲರ್ ಮಾರಿದರು. ಅಲ್ಲಿಂದ ಕಾಯಿಲೆ ಬೇರೆಯೇ ಆಯಿತು.

ಮೊದಮೊದಲು ಎಲ್ಲರ ಹಾಗೆ ನಾನೂ ವಲಸೆ ಹಕ್ಕಿ ಅಂದರೆ ಚಳಿಗಾಲ ಅಂದುಕೊಂಡಿದ್ದೆ. ಡಿಸೆಂಬರ್, ಜನವರಿ. ಪಟ್ಟೆತಲೆ ಹೆಬ್ಬಾತು ಬಂತು ಅಂತ ಪೇಪರಿನಲ್ಲಿ ಫೋಟೋ ಬರುತ್ತಲ್ಲ, ಆ ಕಾಲ. ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದೂ ಜನವರಿಯಲ್ಲೇ, 1987ರಿಂದ. ಹಾಗಾಗಿ ಆಗಸ್ಟಿನಲ್ಲಿ ಕೆರೆ ಕಡೆ ಬೈನಾಕ್ಯುಲರ್ ಹಿಡಿದು ಹೋಗುವುದು ಸುಮ್ನೆ ಅಂತ ಬಿಟ್ಟಿದ್ದೆ. ತಿದ್ದಿದ್ದು ಎಮ್ಮೆ ಮೇಯಿಸುವ ಒಬ್ಬ ಅಜ್ಜ. ‘ನಿಮ್ ಗೊರವ ಹಕ್ಕಿ ಆಗ್ಲೇ ಬಂದವಲ್ಲಪ್ಪಾ. ಯುಗಾದಿ ಆದ್ಮೇಲೆ ಹೋಗ್ತವೆ, ರಾಗಿ ಪೈರು ಗೇಣುದ್ದ ಆಗೋ ಹೊತ್ಗೆ ವಾಪಸ್ ಬತ್ತವೆ’ ಅಂದ. ಗೊರವ ಅಂದರೆ ಕೆಸರಂಚಿನಲ್ಲಿ ಓಡಾಡಿ ಹುಳು ಹೆಕ್ಕುವ ವಲಸೆ ಹಕ್ಕಿಗಳು. ನನ್ನ ಹತ್ತಿರ ಎರಡು ಪುಸ್ತಕ ಇದ್ದವು, ಫೋನಿನಲ್ಲಿ ಆ್ಯಪ್ ಇತ್ತು. ಅಜ್ಜನ ಹತ್ತಿರ ಎಮ್ಮೆ ಇದ್ದವು. ಅಜ್ಜನೇ ಸರಿ.

ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವ ಹೊತ್ತಿಗೆ, ಅಂದರೆ ಜುಲೈ ಕೊನೆ, ಆಗಸ್ಟ್ ಮೊದಲ ವಾರ, ಮೊದಲ ಹಕ್ಕಿಗಳು ಇಳಿಯುತ್ತವೆ. ಉತ್ತರದ ದೇಶಗಳಲ್ಲಿ ಅದು ಬೇಸಿಗೆಯ ಕೊನೆ. ಅಲ್ಲಿ ಮರಿ ಮಾಡಿ ಮುಗಿಸಿ ಇತ್ತ ಹೊರಟಿರುತ್ತವೆ. ನಮಗೆ ಶ್ರಾವಣ. ನಮ್ಮ ಸೀಮೆಯ ಗಮ್ಮತ್ತು ನೋಡಿ: ಮಲೆನಾಡಿನಲ್ಲಿ ಆಗ ಧೋ ಅಂತ ಸುರಿಯುತ್ತಿರುತ್ತೆ, ಆದರೆ ತುಮಕೂರಿನ ಈ ಬಯಲಿಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟಿನಲ್ಲಿ ನಮ್ಮ ಕೆರೆ ತುಂಬಿರುವುದಿಲ್ಲ, ಒಣಗಿಯೂ ಇರುವುದಿಲ್ಲ. ಒಂದೆರಡು ಹದ ಮಳೆಗೆ ಅಂಗಳ ನೆನೆದು, ಅಲ್ಲಲ್ಲಿ ಪಾದ ಮುಳುಗುವಷ್ಟು ನೀರು ನಿಂತು, ಅಂಚು ಪೂರ್ತಿ ಬೆಣ್ಣೆಯಂಥ ಕೆಸರು. ದೂರದಿಂದ ಬಂದ ಹಕ್ಕಿಗೆ ಬೇಕಾಗಿರುವುದು ಸರಿಯಾಗಿ ಇದೇ.

ಹೋದ ವರ್ಷ ಮಖ ಮಳೆಯ ಒಂದು ಬೆಳಗ್ಗೆ ನೋಡಿದ್ದನ್ನು ಹೇಳುತ್ತೇನೆ. ರಾತ್ರಿ ತುಂತುರು ಬಿದ್ದಿತ್ತು. ಆರು ಗಂಟೆಗೆ ಹೋಗಿ ಹೊಂಗೆ ಮರದ ಬುಡದಲ್ಲಿ ಕೂತೆ. ಮೊದಲು ಏನೂ ಕಾಣಲಿಲ್ಲ. ಕೆಸರು, ಎಮ್ಮೆ ಹೆಜ್ಜೆಯ ಗುಳಿ, ಗುಳಿಯಲ್ಲಿ ನೀರು. ಟಿಟ್ಟಿಭ ಒಂದು ಬೈದುಕೊಂಡು ಹಾರಿತು, ಅದು ದಿನಾ ಬೈಯುತ್ತೆ. ಸ್ವಲ್ಪ ಹೊತ್ತಿಗೆ ಕೆಸರಿನ ಹೆಂಟೆಗಳೇ ಓಡಾಡುತ್ತಿವೆ ಅನ್ನಿಸಿತು. ನೋಡಿದರೆ ವುಡ್ ಸ್ಯಾಂಡ್‌ಪೈಪರ್, ಕನ್ನಡದಲ್ಲಿ ಗದ್ದೆಗೊರವದ ಜಾತಿಯದು. ಬೆನ್ನ ಮೇಲೆ ರಾಗಿ ಹಿಟ್ಟು ಚೆಲ್ಲಿದ ಹಾಗೆ ಚುಕ್ಕಿ. ಒಂದು ಕಂಡ ಮೇಲೆ ಇನ್ನೊಂದು, ಮತ್ತೊಂದು. ಮೂವತ್ತು ದಾಟಿದ ಮೇಲೆ ಎಣಿಕೆ ತಪ್ಪಿತು. ಒಂದೊಂದೂ ಸುಮಾರು 60 ಗ್ರಾಂ ತೂಕ. ಅವು ಮೊಟ್ಟೆ ಇಡುವುದು ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದ ಆ ತುದಿಯವರೆಗಿನ ಜೌಗಿನಲ್ಲಿ.

ಅವುಗಳ ಕಾಲ ಸಂದಿಯಲ್ಲಿ ಇನ್ನೂ ಚಿಕ್ಕವು ಓಡುತ್ತಿದ್ದವು. ಲಿಟ್ಲ್ ಸ್ಟಿಂಟ್. ತಲೆ ಎತ್ತುವ ಮಾತೇ ಇಲ್ಲ. ಟೈಲರ್ ಅಂಗಡಿಯ ಮಿಷನ್ ಸೂಜಿಯ ಹಾಗೆ ಟಕಟಕ ಅಂತ ಕೆಸರಿಗೆ ಕೊಕ್ಕು ಹಾಕುತ್ತಲೇ ಇರುತ್ತವೆ. ಹತ್ತು ರೂಪಾಯಿಯ ಮೂರು ನಾಣ್ಯ ಅಂಗೈಯಲ್ಲಿಟ್ಟುಕೊಳ್ಳಿ ಸಾರ್, ಈ ಹಕ್ಕಿ ಹೆಚ್ಚುಕಮ್ಮಿ ಅಷ್ಟೇ ಭಾರ. ಅದು ಹುಟ್ಟಿದ್ದು ಆರ್ಕ್‌ಟಿಕ್ ಅಂಚಿನ ಬಯಲಿನಲ್ಲಿ, ಮರವೇ ಬೆಳೆಯದ ನೆಲದಲ್ಲಿ. ಈಗ ನಮ್ಮ ಎಮ್ಮೆಯ ಹೆಜ್ಜೆಗುಳಿಯಲ್ಲಿ ತಿಂಡಿ ಹುಡುಕುತ್ತಿದೆ.

ಒಂಟಿಯಾಗಿ ಓಡಾಡುವ ಇನ್ನೊಂದು ಇದೆ, ಗ್ರೀನ್ ಸ್ಯಾಂಡ್‌ಪೈಪರ್. ಹಳ್ಳದ ಬಾಯಲ್ಲೇ ಇರುತ್ತೆ. ಎಬ್ಬಿಸಿದರೆ ಕಪ್ಪು ರೆಕ್ಕೆಯ ನಡುವೆ ಬಿಳಿ ಬೆನ್ನು ಫಕ್ಕನೆ ಹೊಳೆಯುತ್ತೆ. ಇದು ಕೆಸರಿನ ಹಕ್ಕಿಯೇ ಆದರೂ ಮೊಟ್ಟೆ ಇಡುವುದು ಮರದ ಮೇಲೆ, ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡಿನಲ್ಲಿ. ಬಾಡಿಗೆಯೂ ಇಲ್ಲ, ಅಡ್ವಾನ್ಸೂ ಇಲ್ಲ.

ನನಗೆ ಇವತ್ತಿಗೂ ನಂಬೋಕೆ ಕಷ್ಟವಾಗುವ ಸಂಗತಿ ಇನ್ನೊಂದು. ಈ ಜಾತಿಗಳಲ್ಲಿ ಸಾಮಾನ್ಯವಾಗಿ ಬೆಳೆದ ಹಕ್ಕಿಗಳು ಮೊದಲು ಹೊರಟುಬಿಡುತ್ತವೆ. ಕೆಲವದರಲ್ಲಿ ಮರಿ ಹಾರೋಕೆ ಮೊದಲೇ ತಾಯಿ ಹೊರಡುತ್ತೆ, ತಂದೆ ಇನ್ನಷ್ಟು ದಿನ ಕಾಯುತ್ತೆ. ಮರಿಗಳು ಆಮೇಲೆ ತಾವೇ ಬರುತ್ತವೆ, ದಾರಿ ತೋರಿಸುವ ಅಪ್ಪ ಅಮ್ಮ ಜೊತೆಗಿಲ್ಲ. ನಮ್ಮ ಕೆರೆಯಲ್ಲೂ ಇದು ಕಾಣುತ್ತೆ. ಆಗಸ್ಟ್ ಮೊದಲಲ್ಲಿ ಬಂದವುಗಳ ಗರಿ ಸವೆದು, ಹಳೇ ಅಂಗಿಯ ಕಾಲರಿನ ಹಾಗೆ ಎಳೆ ಬಿಟ್ಟಿರುತ್ತೆ. ಗೌರಿ ಹಬ್ಬದ ಹೊತ್ತಿಗೆ ಬರುವವುಗಳಲ್ಲಿ ಗರಿ ಅಂಚು ಅಂಚೂ ಹೊಸದಾಗಿ ಇಸ್ತ್ರಿ ಮಾಡಿದಂತೆ ಇರುವವು ಜಾಸ್ತಿ. ಅವೇ ಆ ವರ್ಷದ ಮರಿಗಳು. 2022ರಲ್ಲಿ ಗಾಡ್‌ವಿಟ್ ಅನ್ನುವ ಇಂಥದ್ದೇ ಕೆಸರು ಹಕ್ಕಿಯ ಐದು ತಿಂಗಳ ಒಂದು ಮರಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲೂ ಇಳಿಯದೆ ಹಾರಿ 13,560 ಕಿಲೋಮೀಟರ್ ದಾಟಿತು. ಬೆನ್ನಿನ ಪುಟ್ಟ ಟ್ರಾನ್ಸ್‌ಮಿಟರ್‌ನಿಂದ ಗೊತ್ತಾದದ್ದು. ಅದು ನಮ್ಮ ದಾರಿಯ ಹಕ್ಕಿ ಅಲ್ಲ, ಸಮುದ್ರದ ಮೇಲೆ ಅದಕ್ಕೆ ಇಳಿಯೋಕೆ ಜಾಗವೂ ಇರಲಿಲ್ಲ. ನಮ್ಮದು ಮಧ್ಯ ಏಷ್ಯಾದ ಹಾರುದಾರಿ, 30 ದೇಶ ಹಾಯ್ದು ಬರುತ್ತೆ. ಈ ದಾರಿಯ ಹಕ್ಕಿಗಳು ಇಳಿದು, ತಿಂದು, ಮೈಗೆ ಕೊಬ್ಬು ತುಂಬಿಕೊಂಡು ಮತ್ತೆ ಏಳುತ್ತವೆ. ಇಳಿದ ಕಡೆ ತಿನ್ನೋಕೆ ಸಿಗದಿದ್ದರೆ ಮುಂದಿನ ಕೆರೆ. ಅಲ್ಲೂ ಕಲ್ಲು ಹಾಸಿದ್ದರೆ ಅದರ ಮುಂದಿನದು.

ಈಗ ಇಂಜಿನಿಯರಿಂಗ್ ಲೆಕ್ಕಕ್ಕೆ ಬರುತ್ತೇನೆ. ನಾನು ಓದಿದ್ದು ಪಿಯುಸಿ, ತಪ್ಪಿದ್ದರೆ ತಿದ್ದಿ.

ಆ ಪಶ್ಚಿಮದ ಮೂಲೆಯಲ್ಲಿ ನೆಲ ನೂರು ಅಡಿಗೆ ಹೆಚ್ಚುಕಮ್ಮಿ ಒಂದು ಅಡಿ ಇಳಿಯುತ್ತೆ. ನಾನೇ ಹಗ್ಗ, ನೀರುಮಟ್ಟ ಹಿಡಿದು ಅಳೆದಿದ್ದೇನೆ, ಮೇಸ್ತ್ರಿ ನಕ್ಕರು. ಅಲ್ಲಿ ನೀರು ಒಂದು ಇಂಚು ಇಳಿದರೆ ನೂರು ಇಂಚು ಹೊಸ ಕೆಸರು ಬಯಲಾಗುತ್ತೆ. ಎಂಟಡಿ ಅಗಲ, ಅಂಚಿನುದ್ದಕ್ಕೂ. ಬಿಸಿಲಿಗೆ ಆರಿ, ತೂಬಿನಲ್ಲಿ ಹರಿದು ನೀರು ದಿನಾ ಒಂದಿಷ್ಟು ಇಳಿಯುತ್ತೆ, ಹಕ್ಕಿಗೆ ದಿನಾ ಹೊಸ ಎಲೆ ಹಾಕಿ ಬಡಿಸಿದ ಹಾಗೆ. ಅದೇ ಎರಡಕ್ಕೆ ಒಂದರ ಇಳಿಜಾರಿನಲ್ಲಿ ಕಲ್ಲು ಪಿಚಿಂಗ್ ಮಾಡಿ. ಒಂದು ಇಂಚು ಇಳಿದರೆ ಬಯಲಾಗುವುದು ಎರಡು ಇಂಚು. ಅದೂ ಕಲ್ಲು.

ಕಲ್ಲಿನಲ್ಲಿ ಏನಿದೆ ತಿನ್ನೋಕೆ? ಕೆಸರನ್ನು ಒಂದು ಹಿಡಿ ಎತ್ತಿ ಬಿಳಿ ತಟ್ಟೆಗೆ ಹಾಕಿ, ನೀರು ಬಿಟ್ಟು ನೋಡಿ. ದಾರದೆಳೆಯಂಥ ಕೆಂಪು ಹುಳು ಕೊಂಕುತ್ತಾ ಬರುತ್ತವೆ. ಕಚ್ಚದ ಒಂದು ಬಗೆ ಪುಟ್ಟ ನೊಣದ ಮರಿಹುಳುಗಳು ಅವು. ಜೊತೆಗೆ ಸಣ್ಣ ಶಂಖದ ಹುಳು, ನೀರುಜೀರುಂಡೆಯ ಮರಿ. ಈ ಊಟವನ್ನು ಹಕ್ಕಿಗಳು ಕೊಕ್ಕಿನ ಉದ್ದದ ಪ್ರಕಾರ ಹಂಚಿಕೊಂಡಿವೆ. ಸ್ಟಿಂಟ್ ಮೇಲ್ಮೈಯಲ್ಲಿ ಹೆಕ್ಕುತ್ತೆ. ಪ್ಲೋವರ್ ಅನ್ನುವ ಹಕ್ಕಿಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅದು ಓಡುತ್ತೆ, ನಿಲ್ಲುತ್ತೆ, ನೋಡುತ್ತೆ, ಟಕ್ ಅಂತ ಎತ್ತುತ್ತೆ. ಉಲ್ಲಂಕಿಯ ಕೊಕ್ಕು ಉದ್ದ, ತುದಿಯಲ್ಲಿ ಬೆರಳ ತುದಿಯ ಹಾಗೆ ಸ್ಪರ್ಶ ಇದೆ. ಕೊಕ್ಕು ಪೂರ್ತಿ ಕೆಸರಲ್ಲಿ ಹೂತಿದ್ದಾಗ ತುದಿ ಮಾತ್ರ ತೆರೆದು ಹುಳು ಹಿಡಿಯಬಲ್ಲದು. ಮೆಟ್ಟುಗಾಲು ಹಕ್ಕಿಗೆ ಗುಲಾಬಿ ಬಣ್ಣದ ಉದ್ದ ಕಾಲು, ಅದೊಂದು ಗೇಣು ನೀರಿಗೆ ಇಳಿಯುತ್ತೆ. ಉಳಿದವಕ್ಕೆ ಎರಡು ಮೂರು ಬೆರಳು ನೀರು ಮೀರಿದರೆ ಆಯಿತು, ಆ ಜಾಗ ಅವುಗಳ ಲೆಕ್ಕಕ್ಕಿಲ್ಲ. ಅವು ಬಾತುಕೋಳಿಯ ಹಾಗೆ ಈಜಿಕೊಂಡು ತಿನ್ನುವವಲ್ಲ. ಆರು ಅಡಿ ನೀರು ತುಂಬಿದ ಕೆರೆ ನಮಗೆ ಎಷ್ಟು ಚೆಂದ ಕಂಡರೂ ಲಿಟ್ಲ್ ಸ್ಟಿಂಟಿಗೆ ಅದು ಟಾರು ರಸ್ತೆಯಷ್ಟೇ ಬರಡು.

ಸುಮ್ನೆ ಊಹೆ ಮಾಡಿ ಹೇಳುತ್ತಿಲ್ಲ. ಪಕ್ಕದ ಹೋಬಳಿಯ ಒಂದು ಕೆರೆಗೆ ನಾಲ್ಕು ವರ್ಷದ ಹಿಂದೆ ಇದೇ ಥರ ಕೆಲಸ ಆಯಿತು. ಯಾರು ಮಾಡಿಸಿದರು ಅಂತ ಬರೆಯುವುದಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದರು. ಸುತ್ತ ಕಲ್ಲು, ಬೆಂಚು, ಆಲಂಕಾರಿಕ ದೀಪ. ಪಕ್ಷಿಗಳಿಗೆ ಅಂತಲೇ ನಡುವೆ ಒಂದು ದ್ವೀಪ, ಬಾಣಲೆ ಕವುಚಿ ಹಾಕಿದ ಹಾಗೆ. ಉದ್ಘಾಟನೆಗೆ ನಾನೂ ಹೋಗಿದ್ದೆ, ಕೇಸರಿಬಾತ್ ಚೆನ್ನಾಗಿತ್ತು. ಈಗ ದ್ವೀಪದ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತಾ ಕೂತಿರುತ್ತವೆ. ಬೆಳ್ಳಕ್ಕಿ ಇವೆ. ಹಾಗಾಗಿ ಯಾರನ್ನು ಕೇಳಿದರೂ ಹಕ್ಕಿ ಜಾಸ್ತಿ ಆಗಿವೆ ಅಂತಲೇ ಹೇಳುತ್ತಾರೆ. ನಾಲ್ಕು ಆಗಸ್ಟ್ ಸತತ ಹೋಗಿ ನೋಡಿದೆ. ಬಾಲ ಕುಣಿಸುವ ಕಾಮನ್ ಸ್ಯಾಂಡ್‌ಪೈಪರ್ ಒಂದೋ ಎರಡೋ, ಅದು ಕಲ್ಲಿನ ಮೇಲೂ ಹೇಗೋ ಬದುಕುತ್ತೆ. ಬೇರೆ ಗೊರವ ಒಂದೂ ಇಲ್ಲ. ಮೊದಲು ಅಲ್ಲಿ ನಮ್ಮ ಕೆರೆಗಿಂತ ಜಾಸ್ತಿ ಇರುತ್ತಿದ್ದವು.

ನಿಮ್ಮ ವರದಿಯಲ್ಲಿ ಹಕ್ಕಿಗಳ ವಿಷಯ ಎರಡೇ ಸಾಲು ಇತ್ತು. ಸರ್ವೆ ಮಾಡಿದ್ದು ಮೇ ತಿಂಗಳಲ್ಲಿ ಅಂತ ತಾರೀಖು ಹೇಳುತ್ತೆ. ಆಗ ಕೆರೆ ಬಿರುಕು ಬಿಟ್ಟಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಗೊರವಗಳು ಸೈಬೀರಿಯಾ ದಾರಿ ಹಿಡಿದಿದ್ದವು. ಸರ್ವೆಯವರ ತಪ್ಪು ಅನ್ನಲಾರೆ. ಮದುವೆ ಮುಗಿದ ಮರುದಿನ ಛತ್ರಕ್ಕೆ ಹೋಗಿ ಜನ ಎಣಿಸಿದ ಹಾಗಾಯಿತು, ಅಷ್ಟೇ.

ಕಾನೂನಿನ ಮಾತು ನನಗೆ ಗೊತ್ತು, ನೀವೂ ಎತ್ತಬಹುದು. 2017ರ ಜೌಗು ಪ್ರದೇಶ ಸಂರಕ್ಷಣೆಯ ಕೇಂದ್ರ ನಿಯಮಗಳಲ್ಲಿ, ನೀರಾವರಿಗೆ ಅಂತ, ಕುಡಿಯುವ ನೀರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳನ್ನು ಜೌಗು ಪ್ರದೇಶ ಅನ್ನುವ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಬಯಲುಸೀಮೆಯಲ್ಲಿ ಮನುಷ್ಯರು ಕಟ್ಟದ ಕೆರೆ ಎಲ್ಲಿದೆ ಸಾರ್? ಏರಿ ಹಾಕದಿದ್ದರೆ ಇಲ್ಲಿ ಕೆರೆಯೇ ಇಲ್ಲ. ಆದರೆ ಇನ್ನೊಂದು ಕಡೆಯಿಂದ ನೋಡಿ. 2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಾಗಗಳಿಗೆ ರಾಮ್ಸರ್ ಮನ್ನಣೆ, ಅಂದರೆ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ, ಸಿಕ್ಕ ಸುದ್ದಿ ಬಂತು. ಅಘನಾಶಿನಿ ಅಳಿವೆ ಒಂದು, ಅದು ಪ್ರಕೃತಿಯದ್ದು. ಉಳಿದೆರಡು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ. ಎರಡೂ ರೈತರಿಗೆ ಅಂತ ಕಟ್ಟಿದ ಊರ ಕೆರೆಗಳೇ. ಮಾಗಡಿ ಕೆರೆ 54 ಹೆಕ್ಟೇರ್ ಚಿಲ್ಲರೆ, ಅಂಥ ದೊಡ್ಡದೇನಲ್ಲ. ನಮ್ಮ ಕೆರೆಗೂ ಅಂಥ ಬೋರ್ಡು ಬೇಕು ಅಂತ ಕೇಳುತ್ತಿಲ್ಲ. ಊರ ಕೆರೆ ಅಂದ ಮಾತ್ರಕ್ಕೆ ಹಕ್ಕಿಯ ಲೆಕ್ಕ ಹಿಡಿಯಬಾರದು ಅಂತ ಎಲ್ಲೂ ಇಲ್ಲ ಅಂತ ಹೇಳುತ್ತಿದ್ದೇನೆ.

ರೈತರು ನನ್ನ ಮೇಲೆ ಸಿಟ್ಟಾಗುವ ಮೊದಲು ಒಂದು ಮಾತು. ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ನನ್ನ ತಮ್ಮನ ಅಡಿಕೆ ತೋಟವೂ ಇದೇ ಅಚ್ಚುಕಟ್ಟಿನಲ್ಲಿದೆ. ಏರಿ ಕಡೆ, ತೂಬಿನ ಮುಂದೆ, ಎಷ್ಟು ಬೇಕೋ ಅಷ್ಟು ತೆಗೆಯಿರಿ. ಹಿಂದೆ ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುತ್ತಿದ್ದದ್ದೂ ಅಲ್ಲಿಂದಲೇ. ಹೊಲಕ್ಕೆ ಒಳ್ಳೆಯ ಮಣ್ಣು ಸಿಗುತ್ತಿತ್ತು, ಕೆರೆಗೂ ಆಳ ಉಳಿಯುತ್ತಿತ್ತು. ಪಶ್ಚಿಮದ ಅಂಚು ಕೆರೆಯ ತೆಳು ಭಾಗ. ಅಲ್ಲಿ ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಆ ನೀರು ತೂಬಿಗೆ ಹತ್ತುವುದೂ ಇಲ್ಲ. ಹಳ್ಳದ ಬಾಯಲ್ಲಿ ಗುಂಡಿ ಬಿದ್ದರೆ ಮೊದಲ ಮಳೆಗೇ ಮರಳು ಬಂದು ತುಂಬುತ್ತೆ. ಅಗೆದ ಬಿಲ್ಲು ಮಾತ್ರ ಉಳಿಯುತ್ತೆ. ಜೊತೆಗೆ ರಿಂಗ್ ಬಂಡ್ ಬಂದರೆ ಸುತ್ತಲಿನ ಹೊಲದ ನೀರು ಕೆರೆಗೆ ಹರಿದು ಬರುವುದು ಎಲ್ಲಿಂದ? ಪೈಪ್ ಇಡುತ್ತೀರಿ, ಸರಿ. ಪೈಪಿನ ಬಾಯಿಗೆ ಕಸ ಕಟ್ಟಿಕೊಂಡ ಮೇಲೆ ಅರ್ಜಿ ಟೈಪ್ ಮಾಡುವವನು ನಾನೇ.

ಒಟ್ಟು ಕೇಳುತ್ತಿರುವುದು ಇಷ್ಟು. ಹಳ್ಳದ ಬಾಯಿಂದ ಹುಣಸೆ ತೋಪಿನ ತನಕ, ಸುಮಾರು ಮುನ್ನೂರು ಮೀಟರ್, ಬಂಡ್ ಬೇಡ, ಕಲ್ಲು ಬೇಡ, ಜೆಸಿಬಿ ಬೇಡ. ಅಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಮಾತ್ರ ಬೇರು ಸಮೇತ ಕೀಳಿಸಿ. ಗೊರವಗಳಿಗೆ ಸುತ್ತ ಬಯಲು ಇರಬೇಕು, ಪೊದೆ ಹತ್ತಿರ ಇಳಿಯಲಾರವು, ಪೊದೆಯಲ್ಲಿ ಏನು ಅಡಗಿದೆಯೋ ಅನ್ನುವ ಭಯ. ಆ ಜಾಗಕ್ಕೆ ಹಸಿರಾಗಲಿ ಅಂತ ಸಸಿ ನೆಡುವ ಆಲೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಎಮ್ಮೆ ಬರಲಿ, ತಡೆಯಬೇಡಿ. ಅವು ಹುಲ್ಲು ಮೇಯ್ದು, ಕೆಸರು ತುಳಿದು ಹದ ಮಾಡದಿದ್ದರೆ ಆ ಅಂಚು ಎರಡೇ ವರ್ಷಕ್ಕೆ ಜೊಂಡು. ವಾಕಿಂಗ್ ಪಾತ್ ಏರಿ ಮೇಲೆ ಇರಲಿ, ನನಗೂ ಬೇಕು, ಸಕ್ಕರೆ ಇನ್ನೂ ಇಳಿದಿಲ್ಲ.

ಊರಿನವರಿಗೂ ಎರಡು ಮಾತಿದೆ. ಮೀನಿನ ಹರಾಜು ಹಿಡಿದವರು ನೀರುಕಾಗೆ ಓಡಿಸೋಕೆ ಪಟಾಕಿ ಹೊಡೆಯುವುದನ್ನು ಪೂರ್ವದ ಕಡೆ ಇಟ್ಟುಕೊಂಡರೆ ಉಪಕಾರ. ಗೊರವದ ಮುಖ್ಯ ಊಟ ಹುಳು, ಮೀನಲ್ಲ, ನಿಮಗೆ ನಷ್ಟವಿಲ್ಲ. ಇನ್ನು ನಮ್ಮಂಥ ಕ್ಯಾಮೆರಾದವರು. ಹೋದ ವರ್ಷ ಬೆಂಗಳೂರಿನಿಂದ ಬಂದ ಕಾರೊಂದು ಸೀದಾ ಕೆಸರಿಗೇ ಇಳಿಯಿತು, ಫೋಟೋಕ್ಕೆ ಹತ್ತಿರ ಆಗಲಿ ಅಂತ. ಎಳೆಯೋಕೆ ಟ್ರ್ಯಾಕ್ಟರ್ ಬೇಕಾಯಿತು. ಆ ಗೆಳೆಯರಿಗೆ ದಾರಿ ಹೇಳಿದವನು ನಾನೇ. ಅವತ್ತು ಎದ್ದುಹೋದ ಹಕ್ಕಿಗಳು ಮೂರು ದಿನ ಈ ಕಡೆ ಬರಲಿಲ್ಲ. ಅಂದಿನಿಂದ ಬಂದವರನ್ನು ಹೊಂಗೆ ಮರದ ಹತ್ತಿರವೇ ಕೂರಿಸುತ್ತೇನೆ.

ಸಾಹೇಬರೇ, ಮಂಜೂರಾತಿಯಲ್ಲಿ ಬದಲಾವಣೆ ಮಾಡಬೇಕಾದರೆ ನೀವು ಸ್ಥಳ ಪರಿಶೀಲನೆ ಮಾಡಿ ಟಿಪ್ಪಣಿ ಹಾಕಬೇಕು ಅಂತ ಗೊತ್ತು. ದಯವಿಟ್ಟು ಈ ಮಖ, ಹುಬ್ಬ ಮಳೆಯೊಳಗೇ ಬನ್ನಿ. ಉತ್ತರೆ ಹಿಡಿದು ಕೆರೆಗೆ ನೀರು ಬಂದರೆ ಕೆಸರು ಮುಳುಗುತ್ತೆ, ಹಕ್ಕಿಗಳು ಗದ್ದೆ ಬಯಲಿಗೆ ಚದುರಿಹೋಗುತ್ತವೆ. ಬೆಳಗ್ಗೆ ಆರೂಕಾಲಿಗೆ ಕೋಡಿ ಹತ್ತಿರ ಕಾಯುತ್ತೇನೆ. ಎಂಟರ ಮೇಲೆ ಬಂದರೆ ಬಿಸಿಲ ಝಳಕ್ಕೆ ಬೈನಾಕ್ಯುಲರಿನಲ್ಲಿ ಎಲ್ಲ ಅಲೆಅಲೆಯಾಗಿ ಕಾಣುತ್ತೆ, ಸ್ಟಿಂಟ್ ಯಾವುದು ಹೆಂಟೆ ಯಾವುದು ಗೊತ್ತಾಗಲ್ಲ. ಬೂಟು ಬೇಡ, ಹವಾಯಿ ಚಪ್ಪಲಿ ಸಾಕು, ಅದನ್ನೂ ಬಿಚ್ಚಬೇಕಾಗುತ್ತೆ. ಮಂಗಳವಾರ ಒಂದು ಬೇಡ. ಅವತ್ತು ಸಂತೆ, ಆರೂವರೆಗೇ ಅಂಗಡಿ ತೆರೆಯಬೇಕು.

ಇಂತಿ ತಮ್ಮ ವಿಶ್ವಾಸಿ,
ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವನು

ಅಡಕ: ಗ್ರಾಮ ನಕ್ಷೆಯ ಜೆರಾಕ್ಸ್ ಪ್ರತಿ 1. ಬಿಡಬೇಕಾದ ಮುನ್ನೂರು ಮೀಟರನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿದೆ.